ಮೈದುನನ ಮದುವೆಗೆ ಅಡ್ಡ ಬಂದ ಗ್ಲೌಸು

ಮೊದಲು ಗ್ಲೌಸಿನ ವಿಷಯ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ನಮ್ಮ ಮನೆಯಲ್ಲಿ ಅಷ್ಟೊಂದು ರಂಪ ಯಾಕಾಯಿತು ಎಂದು ಈಗಿನವರಿಗೆ ಅರ್ಥವಾಗುವುದಿಲ್ಲ.

ಹೊಳೆನರಸೀಪುರದ ಪೇಟೆಯ ಹಿಂದುಗಡೆ ಆಗ ಒಂದು ಸಣ್ಣ ಖಾಸಗಿ ಆಸ್ಪತ್ರೆಯಿತ್ತು. ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿಗಳು ಬಂದಿವೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ನರ್ಸಾಗಿದ್ದೆ. ವಯಸ್ಸಾದ ಡಾಕ್ಟರು ಒಬ್ಬರು, ನಾನು, ಒಬ್ಬ ಆಯಾ, ಇಷ್ಟೇ ನಮ್ಮ ಸಂಸಾರ. ಇಂಜೆಕ್ಷನ್ ಚುಚ್ಚುವುದು, ಗಾಯ ಕಟ್ಟುವುದು, ಪರೀಕ್ಷೆಗೆ ರಕ್ತ ತೆಗೆಯುವುದು ಎಲ್ಲ ನನ್ನ ಪಾಲಿಗೆ.

ಗ್ಲೌಸುಗಳು ಇರಲಿಲ್ಲ ಎಂದಲ್ಲ. ಹೆರಿಗೆಗೆ, ಹೊಲಿಗೆ ಹಾಕುವುದಕ್ಕೆ ಹಾಕಿಕೊಳ್ಳುತ್ತಿದ್ದೆವು. ಆಮೇಲೆ ಅವನ್ನು ಬಿಸಾಡುತ್ತಿರಲಿಲ್ಲ. ತೊಳೆದು, ಒಳಮಗ್ಗುಲು ಹೊರಗೆ ಮಾಡಿ ಹಿತ್ತಲ ತಂತಿಗೆ ನೇತುಹಾಕಿ, ಒಣಗಿದ ಮೇಲೆ ಪೌಡರ್ ಉದುರಿಸಿ, ಆವಿಯಲ್ಲಿ ಬೇಯಿಸಿ ಮತ್ತೆ ಬಳಸುತ್ತಿದ್ದೆವು. ಗಾಳಿ ಬೀಸಿದಾಗ ತಂತಿಯ ಮೇಲೆ ಆ ಬೆರಳುಗಳೆಲ್ಲ ಅಲ್ಲಾಡುತ್ತಿದ್ದವು. ಪಕ್ಕದ ಮನೆಯ ಅಜ್ಜಿ 'ಯಾರನ್ನೋ ಕರೀತಾವೆ' ಎಂದು ಹೆದರಿ ಆ ಕಡೆಯ ಕಿಟಕಿಯನ್ನೇ ಶಾಶ್ವತವಾಗಿ ಮುಚ್ಚಿಸಿಬಿಟ್ಟಿದ್ದರು.

ರಕ್ತ ತೆಗೆಯುವುದಕ್ಕೆ ಮಾತ್ರ ಬರಿಗೈ. ಅದಕ್ಕೊಂದು ಅಪವಾದವಿತ್ತು. ಡಾಕ್ಟರಿಗೆ ಯಾರ ಮೇಲಾದರೂ ಅನುಮಾನ ಬಂದರೆ ಕನ್ನಡಕ ಮೇಲೆತ್ತಿಕೊಂಡು, "ಸ್ವಲ್ಪ ನೋಡ್ಕೊಂಡು ತೆಗಿಯಮ್ಮ" ಎನ್ನುತ್ತಿದ್ದರು. ಹಾಗಂದರೆ ಗ್ಲೌಸು ಹಾಕಿಕೋ ಎಂದು. ಹಿರೀಸಾವೆ ಹೆದ್ದಾರಿಯ ಲಾರಿ ಡ್ರೈವರ್ ಬಂದರೆ ಕನ್ನಡಕ ಮೇಲೇರುತ್ತಿತ್ತು. ದೇವಸ್ಥಾನದ ಬೀದಿಯವರು ಬಂದರೆ ಮೂಗಿನ ಮೇಲೇ ಇರುತ್ತಿತ್ತು. ರಕ್ತಕ್ಕೆ ತಾನು ಯಾವ ಬೀದಿಯದು ಎಂದು ಗೊತ್ತಿರುತ್ತದೆ ಎಂಬ ನಂಬಿಕೆ ನಮಗೆಲ್ಲರಿಗೂ ಇತ್ತು.

ಹೊರಗೆ ಬೆಂಚಿನ ಮೇಲೆ ಕೂತವರು ದಡ್ಡರಲ್ಲವಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆಲ್ಲ ಆಗ ಏಡ್ಸ್ ಬಗ್ಗೆ ಬರೆದಿರುತ್ತಿತ್ತು. ಬಾಯಿಬಿಟ್ಟು ಯಾರೂ ಅದರ ಹೆಸರು ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದರು. ನರ್ಸಮ್ಮ ಗ್ಲೌಸು ಹಾಕಿಕೊಂಡಳೆಂದರೆ ಆ ಮನುಷ್ಯನಿಗೆ 'ಅದು' ಎಂದು ಬೆಂಚಿನಲ್ಲೇ ತೀರ್ಪಾಗಿಬಿಡುತ್ತಿತ್ತು. ಆಮೇಲೆ ಬೆಂಚಿನ ಮೇಲೆ ಅವನ ಅಕ್ಕಪಕ್ಕ ಬೇಕಾದಷ್ಟು ಜಾಗ.

ಹೀಗಿರುವಾಗ ಹಾಸನದಲ್ಲಿ ನರ್ಸುಗಳಿಗೆ ಒಂದು ದಿನದ ತರಬೇತಿ ನಡೆಯಿತು. ಡಾಕ್ಟರು ನನ್ನನ್ನು ಕಳಿಸಿದರು. ಹೊರಗಿನಿಂದ ಬಂದಿದ್ದ ಲೇಡಿ ಡಾಕ್ಟರೊಬ್ಬರು ಭಾಷಣ ಗೀಷಣ ಮಾಡಲಿಲ್ಲ. ಎಲ್ಲರ ಕೈಗೂ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಕೊಟ್ಟು, "ಎರಡೂ ಕೈಗೆ ಚೆನ್ನಾಗಿ ಉಜ್ಜಿಕೊಳ್ಳಿ" ಎಂದರು. ಉಜ್ಜಿಕೊಂಡದ್ದೇ ತಡ, ಕೋಣೆಯ ತುಂಬ ಸ್ಸ್ ಸ್ಸ್ ಎಂಬ ಸದ್ದು. ಅರಕಲಗೂಡಿನಿಂದ ಬಂದಿದ್ದವಳಿಗೆ ಈಳಿಗೆಮಣೆ ಕುಯ್ದಿದ್ದು, ಚನ್ನರಾಯಪಟ್ಟಣದವಳಿಗೆ ಒಗೆಯುವ ಕಲ್ಲು ತರಚಿದ್ದು, ನನಗೆ ತೆಂಗಿನಕಾಯಿ ತುರಿಯುವಾಗ ಗೀರಿದ್ದು. ಗಾಯವಿಲ್ಲದ ಕೈ ಇದ್ದದ್ದು ಒಬ್ಬಳಿಗೆ ಮಾತ್ರ, ಅವಳ ಮನೆಯಲ್ಲಿ ಅಡಿಗೆಯವರಿದ್ದರಂತೆ.

"ಇಷ್ಟು ಬಾಗಿಲು ತೆಗೆದಿಟ್ಕೊಂಡು ಬರಿಗೈಲಿ ರಕ್ತ ಮುಟ್ತೀರಲ್ಲಮ್ಮ. ಕಾಮಾಲೆ ಬರುತ್ತೆ, ಅದಕ್ಕಿಂತ ಕೆಟ್ಟದ್ದೂ ಬರುತ್ತೆ. ಯಾರ ರಕ್ತದಲ್ಲಿ ಏನಿದೆ ಅಂತ ಮುಖ ನೋಡಿ ಗೊತ್ತಾಗಲ್ಲ. ಅದಕ್ಕೇ ಎಲ್ಲರದ್ದನ್ನೂ ಒಂದೇ ಥರ ನೋಡಿ," ಎಂದರು ಅವರು. ನನಗೆ ನಿಜವಾಗಿಯೂ ಭಯವಾಯಿತು. ಅಷ್ಟು ವರ್ಷ ಎಷ್ಟು ಜನರ ರಕ್ತ ಮುಟ್ಟಿದ್ದೆನೋ ಎಂದು ವಾಪಸ್ ಬರುವ ಬಸ್ಸಿನಲ್ಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದಕ್ಕೂ ಮನಸ್ಸಾಗಲಿಲ್ಲ.

ಮರುದಿನ ಡಾಕ್ಟರ ಹತ್ತಿರ ವಾದಕ್ಕೆ ನಿಂತೆ. ಅವರು ಒಳ್ಳೆಯವರು, ಆದರೆ ಊರಿಗೆ ಹೆದರುವವರು. "ನೀನು ಹೇಳೋದು ಸರಿಯಮ್ಮ. ಆದ್ರೆ ಎಲ್ಲರಿಗೂ ಹಾಕ್ಕೊಂಡ್ರೆ ಯಾರೂ ಬರಲ್ಲ," ಎಂದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನನ್ನ ಕೈಗೆ ಗಾಯವಾದ ದಿನ, ಬಂದವರು ಯಾರೇ ಆಗಿರಲಿ, ಗ್ಲೌಸು. ಗಾಯವಿಲ್ಲದ ದಿನ ಹಳೆಯ ಪದ್ಧತಿ.

ಇನ್ನು ನಮ್ಮ ಮನೆ. ನಮ್ಮದು ದೇವಸ್ಥಾನದ ಬೀದಿ. ಅತ್ತೆ ಮಹಾ ಮಡಿಯವರು. ನರ್ಸ್ ಸೊಸೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದರಂತೆ. ಆಗ ಇನ್ನೂ ಓದುತ್ತಿದ್ದ ನನ್ನ ಮೈದುನನೇ, "ಅಮ್ಮ, ನಾಳೆ ನಿನಗೆ ಇಂಜೆಕ್ಷನ್ ಕೊಡೋಕೆ ಹೊರಗಿನೋರು ಮುಟ್ಟೋದು ತಪ್ಪುತ್ತೆ" ಎಂದು ಒಪ್ಪಿಸಿದವನು. ಅದಕ್ಕೇ ಅವನ ಮೇಲೆ ನನಗೆ ಪ್ರಾಣ. ಅತ್ತೆ ಒಪ್ಪಿದರು, ಜೊತೆಗೊಂದು ಕಾನೂನು ಮಾಡಿದರು. ಆಸ್ಪತ್ರೆಯಿಂದ ಬಂದವಳು ಹಿತ್ತಲ ಬಾಗಿಲಿಂದ ಬಂದು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಆಮೇಲೆ ಒಳಗೆ ಬರಬೇಕು. ಅಲ್ಲಿಯವರೆಗೆ ಅವರು ನನ್ನನ್ನು ಮುಟ್ಟುವುದಿರಲಿ, ನನ್ನ ಗಾಳಿ ಬೀಸುವ ಕಡೆಗೂ ನಿಲ್ಲುತ್ತಿರಲಿಲ್ಲ. ನನ್ನ ಗಂಡ ಹಾಸನದಲ್ಲಿ ಬ್ಯಾಂಕಿನಲ್ಲಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಹೀಗಾಗಿ ಮನೆಯ ಒಂದು ಜಗಳಕ್ಕೂ ಕೈಗೆ ಸಿಕ್ಕವರಲ್ಲ.

ಮೈದುನ ಓದು ಮುಗಿಸಿ ಅರಕಲಗೂಡಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದ. ಅವನಿಗೆ ಬಾಗೂರಿನ ಒಂದು ಹುಡುಗಿ ಗೊತ್ತಾಯಿತು. ತಂದೆಯಿಲ್ಲದ ಹುಡುಗಿ, ಸೋದರಮಾವ ಸಾಕಿ ಬಿ.ಎಡ್. ಓದಿಸಿದ್ದರು. ಅತ್ತೆ ಮತ್ತು ಮೈದುನ ಹೋಗಿ ನೋಡಿ ಬಂದರು. ನನಗೆ ಡ್ಯೂಟಿ, ನಾನು ಹೋಗಲಿಲ್ಲ. ಬಂದವನೇ ಮೈದುನ ಕನ್ನಡಿಯ ಮುಂದೆ ನಿಂತು ಹಾಡು ಗುನುಗಲು ಶುರುಮಾಡಿದ. ಜಾತಕ ಕೂಡಿತು. ಇನ್ನು ಬಾಗೂರಿನವರು ನಮ್ಮ ಮನೆ ನೋಡಲು ಬರುವುದೊಂದು ಬಾಕಿ.

ಬರುವವರಿಗೆ ಮಾಡಬೇಕಾದ ಅಡಿಗೆಯನ್ನು ಅತ್ತೆ ಮೊದಲೇ ಒಂದು ಸಲ ಮಾಡಿ ನೋಡಬೇಕೆಂದರು. ಡ್ಯೂಟಿಗೆ ಹೊರಡುವ ಮೊದಲು ಮಜ್ಜಿಗೆ ಹುಳಿಗೆ ಬೂದುಗುಂಬಳ ಹೆಚ್ಚಿಕೊಡು ಎಂದರು. ಅವಸರದಲ್ಲಿ ಈಳಿಗೆ ಜಾರಿ ನನ್ನ ಎಡಗೈಯ ತೋರುಬೆರಳಿಗೆ ಇಳಿಯಿತು. ಮಜ್ಜಿಗೆ ಹುಳಿ ಕೆಂಪಾಗುವಷ್ಟು ರಕ್ತ. ಅತ್ತೆ ಮಡಿಯಲ್ಲಿದ್ದರು, ಮುಟ್ಟುವ ಹಾಗಿಲ್ಲ. ಅರಿಶಿನದ ಡಬ್ಬಿಯನ್ನು ನೆಲದ ಮೇಲಿಟ್ಟು ಉದ್ದನೆಯ ಸೌಟಿನಿಂದ ನನ್ನ ಕಡೆ ತಳ್ಳಿದರು. "ಹಾಕ್ಕೊಳ್ಳೇ. ಕುಂಬಳಕಾಯಿ ಮೇಲೆ ಬಿತ್ತೇನು ನೋಡು," ಎಂದರು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಸಿಟ್ಟಿನಿಂದಲೇ ಆಸ್ಪತ್ರೆಗೆ ಹೋದೆ.

ಆ ದಿನ ಬೆಂಚಿನ ಮೇಲೆ ಶುಭ್ರವಾದ ಪಂಚೆ ಉಟ್ಟ, ಕೊಡೆ ಹಿಡಿದ ಮನುಷ್ಯರೊಬ್ಬರು ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಸರದಿ ಬಂದಾಗಲೆಲ್ಲ, "ಅವರು ಹೋಗ್ಲಿ ಬಿಡಿ, ನನಗೇನು ಅವಸರ" ಎಂದು ಬೇರೆಯವರನ್ನು ಮುಂದೆ ಬಿಡುತ್ತಿದ್ದರು. ನಮ್ಮೂರಿನಲ್ಲಿ ಅಂಥ ರೋಗಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಷ್ಟರಲ್ಲಿ ಅರಕಲಗೂಡಿನ ಬಸ್ಸಿನಿಂದ ಇಳಿದು ನಮ್ಮ ಮೈದುನ ನೇರ ಆಸ್ಪತ್ರೆಗೇ ಬಂದ. ಮೈ ಕೆಂಡ, ಬೆಂಚಿನಲ್ಲಿ ಯಾರಿದ್ದಾರೆಂದು ತಲೆಯೆತ್ತಿ ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ಡಾಕ್ಟರು ಟೈಫಾಯ್ಡ್ ಇರಬಹುದೆಂದು ರಕ್ತ ತೆಗೆಯಲು ಹೇಳಿದರು. ಆ ದಿನ ರಕ್ತ ತೆಗೆಯಬೇಕಾಗಿ ಬಂದದ್ದು ಅವನೊಬ್ಬನದೇ.

ನನ್ನ ಬೆರಳಿನ ಬಟ್ಟೆ ಆಗಲೇ ಒದ್ದೆಯಾಗಿತ್ತು. ಹೊಸ ಬ್ಯಾಂಡೇಜ್ ಸುತ್ತಿಕೊಂಡು, ಒಪ್ಪಂದದ ಪ್ರಕಾರ ಗ್ಲೌಸು ಏರಿಸಿದೆ. ಇಂಜೆಕ್ಷನ್ ಕೋಣೆಯ ಬಾಗಿಲಿಗೆ ಅರ್ಧ ಪರದೆ ಮಾತ್ರ. ಹೊರಗಿನವರಿಗೆ ಎಲ್ಲ ಕಾಣುತ್ತಿತ್ತು.

"ಅತ್ತಿಗೆ, ನನಗೂ ಗ್ಲೌಸಾ?" ಎಂದ ಮೈದುನ.

"ಬಾಯಿ ಮುಚ್ಕೊಂಡು ಕೈ ಚಾಚು," ಎಂದೆ.

ಬೆಂಚಿನವರೆಲ್ಲ ಪರದೆಯ ಕಡೆ ಕತ್ತು ಚಾಚಿದರು. ಹಳ್ಳಿಮೈಸೂರಿನ ಕಡೆಯ ರೈತನೊಬ್ಬ ಪಕ್ಕದವನಿಗೆ, "ಲೇ, ಕೈಗೆ ಆಕ್ಕಂಡ್ಲು ಕಣ್ಲಾ. ಅವ್ಳ ಮೈದ್ನನೇ ಅಂತೆ," ಎಂದು ಪಿಸುಗುಟ್ಟಿದ್ದು ನನಗೇ ಕೇಳಿಸಿತು. ರಕ್ತ ತೆಗೆದು ತಲೆಯೆತ್ತಿದಾಗ ಕೊಡೆಯವರು ಇರಲಿಲ್ಲ. ಡಾಕ್ಟರನ್ನು ನೋಡದೆಯೇ ಅವರ ಹೊಟ್ಟೆನೋವು ವಾಸಿಯಾಗಿತ್ತು.

ಮೈದುನನಿಗೆ ಟೈಫಾಯ್ಡೇ. ಅವನು ಮನೆಯಲ್ಲಿ ಗಂಜಿ ಕುಡಿದು ಮಲಗಿದ್ದಾಗ ಮದುವೆ ದಲ್ಲಾಳಿ ಬಂದರು. ಜಗುಲಿಯ ಅಂಚಿನಲ್ಲಿ ಕೂತು, "ಜಾತಕ ಕೂಡಿ ಬರ್ಲಿಲ್ಲವಂತೆ" ಎಂದರು.

"ಹೋದ ವಾರ ಕೂಡಿತ್ತಲ್ಲ? ಗ್ರಹಗಳೆಲ್ಲ ಈ ವಾರ ಮನೆ ಖಾಲಿ ಮಾಡಿದ್ವಾ?" ಎಂದರು ಅತ್ತೆ.

ದಲ್ಲಾಳಿ ಅತ್ತೆಯ ಮುಖ ನೋಡಲಿಲ್ಲ, ನನ್ನ ಕೈಗಳನ್ನು ನೋಡಿದರು. ಕಾಫಿ ಕೊಟ್ಟರೆ ಬೇಡ ಎಂದು ಎದ್ದು ಹೋದರು. ಆ ಮನುಷ್ಯ ಕಾಫಿ ಬೇಡ ಎಂದದ್ದು ಅದೇ ಮೊದಲು. ಏನೋ ಎಡವಟ್ಟಾಗಿದೆ ಎಂದು ನನಗೆ ಆಗಲೇ ಅನ್ನಿಸಿತು.

ಅತ್ತೆಗೆ ಕಾರಣ ತಿಳಿದದ್ದು ದೇವಸ್ಥಾನದಲ್ಲಿ. ಪ್ರದಕ್ಷಿಣೆ ಹಾಕುವಾಗ ಬೀದಿಯ ಹೆಂಗಸೊಬ್ಬರು ಬಹಳ ಕನಿಕರದಿಂದ, "ಮಗನಿಗೆ ಹೇಗಿದೆ? ಧೈರ್ಯವಾಗಿರಿ, ಈಗ ಎಲ್ಲದಕ್ಕೂ ಔಷಧಿ ಬಂದಿದೆಯಂತೆ" ಎಂದರಂತೆ. ಅತ್ತೆ ಬಾಯಿಬಿಡಿಸಿ ಕೇಳಿದರು. ಬಾಗೂರಿನ ಸೋದರಮಾವ ಗಂಡಿನ ಕಡೆಯ ನಡತೆ ವಿಚಾರಿಸಲು ಗುಟ್ಟಾಗಿ ಊರಿಗೆ ಬಂದಿದ್ದರು. ಅಂಗಡಿಯಲ್ಲಿ ಕೇಳಿದರು, ದೇವಸ್ಥಾನದಲ್ಲಿ ಕೇಳಿದರು. ಕೊನೆಗೆ ನರ್ಸ್ ಅತ್ತಿಗೆ ಎಂಥವಳು ನೋಡೋಣವೆಂದು ಹೊಟ್ಟೆನೋವಿನ ನೆಪದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿ ಕಣ್ಣಾರೆ ಕಂಡರು. ಸ್ವಂತ ಅತ್ತಿಗೆಯೇ ಹುಡುಗನನ್ನು ಬರಿಗೈಯಲ್ಲಿ ಮುಟ್ಟಲಿಲ್ಲ ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು?

ಅತ್ತೆ ತೀರ್ಥ ಹಿಡಿದ ಅಂಗೈಯನ್ನು ಹಾಗೇ ಮುಂದೆ ಚಾಚಿಕೊಂಡು ಮನೆಗೆ ಬಂದರು. ಕುಡಿಯುವುದನ್ನೂ ಮರೆತಿದ್ದರು.

"ಸ್ವಂತ ಮೈದುನನ್ನ ಮುಟ್ಟೋಕೆ ನಿನಗೆ ಹೇಸಿಗೆ ಆಯ್ತೇನೇ? ನನ್ನ ಮಗನ ಬಾಳು ಹಾಳು ಮಾಡಿದೆಯಲ್ಲೇ," ಎಂದರು.

"ನನ್ನ ಕೈಗೆ ಗಾಯ ಆಗಿತ್ತು ಅತ್ತೆ. ಗಾಯದ ಕೈಲಿ ಯಾರ ರಕ್ತಾನೂ ಮುಟ್ಟಬಾರದು."

"ಅವನೇನು ಯಾರೋನಾ? ಮನೆ ಮಗ."

ನನಗೆ ಸಿಟ್ಟು ಬೇಗ. "ನಾನೂ ಮನೆ ಸೊಸೇನೇ. ನನ್ನ ಮುಟ್ಟೋಕೆ ಮುಂಚೆ ದಿನಾ ತಲೆಗೆ ನೀರು ಹಾಕಿಸ್ತೀರಲ್ಲ, ಅದು ಹೇಸಿಗೇನಾ?" ಎಂದುಬಿಟ್ಟೆ.

"ಅದು ಮಡಿ."

"ಇದೂ ಮಡೀನೇ. ನಿಮ್ಮದು ದೇವರಿಗೆ, ನನ್ನದು ನನ್ನ ಜೀವಕ್ಕೆ."

ಒಳಗಿನಿಂದ ಮೈದುನ ಕ್ಷೀಣವಾಗಿ, "ಟೈಫಾಯ್ಡ್ ಬಂದಿರೋದು ನನಗೆ. ಯಾರಾದ್ರೂ ಒಂದ್ ಲೋಟ ನೀರು ಕೊಡಿ," ಎಂದ. ನಾವಿಬ್ಬರೂ ಒಟ್ಟಿಗೆ ಎದ್ದು, ಯಾರು ಕೊಡಬೇಕೆಂದು ಬಾಗಿಲಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದೆವು.

ನೀರು ಕೊಡಲು ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿದ್ದ. "ಆ ಹುಡುಗಿ ಏನಂದ್ಕೊಂಡಿರ್ತಾಳೆ ಅತ್ತಿಗೆ?" ಎಂದ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಮೈದುನ, ಬಾಗೂರು, ಎಲ್ಲರನ್ನೂ ಬೈದುಕೊಂಡೆ.

ಡಾಕ್ಟರ ಹತ್ತಿರ ಉಪಾಯವಿತ್ತು. "ಹೇಗೂ ಅವನ ರಕ್ತ ಇನ್ನೊಂದು ಸಲ ತೆಗೀಬೇಕು. ಆ ಸೋದರಮಾವ ಇರುವಾಗ, ಬೆಂಚಿನವರ ಎದುರಿಗೇ ಬರಿಗೈಲಿ ತೆಗೆದುಬಿಡು. ಎಲ್ಲ ಮುಗೀತು," ಎಂದರು. ಅತ್ತೆಗೆ ಈ ಉಪಾಯ ಬಹಳ ಹಿಡಿಸಿತು. ದಲ್ಲಾಳಿಯನ್ನು ಹಿಡಿದು, ಸೋದರಮಾವ ಇನ್ನೊಂದು ಸಲ ಗುಟ್ಟಾಗಿಯೇ ಬಂದು ನೋಡಿಕೊಂಡು ಹೋಗಲಿ, ನಾವು ಗುರುತು ತೋರಿಸುವುದಿಲ್ಲ ಎಂದು ಹೇಳಿ ಕಳಿಸಿದರು. ಸೋಮವಾರ ಬರುತ್ತಾರೆಂದು ಸುದ್ದಿ ಬಂತು.

ಉಪಾಯ ನನಗೂ ಹಿಡಿಸಿತು ಎಂದೇ ಹೇಳಬೇಕು. ಒಂದೇ ಸಲ, ಅದೂ ನಮ್ಮ ಮೈದುನನ ರಕ್ತ. ಆದರೆ ನನ್ನ ಗಾಯ ಅರಿಶಿನ, ಸೋಪು, ಪಾತ್ರೆ ನೀರು ಎಲ್ಲ ಕುಡಿದು ಕೀವಾಗಿ ಕೂತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಯೋಚನೆ ಬಂತು. ಇವನಿಗೆ ಗ್ಲೌಸಿಲ್ಲದೆ ತೆಗೆದು ಇವನು ಶುದ್ಧ ಎಂದು ತೋರಿಸಿದರೆ, ಗ್ಲೌಸು ಹಾಕಿಸಿಕೊಂಡವರೆಲ್ಲ ಅಶುದ್ಧ ಎಂದು ನಾನೇ ಮುದ್ರೆ ಒತ್ತಿದ ಹಾಗಾಯಿತು. ನಾಳೆ ನನ್ನ ಕೈಗೆ ಗಾಯವಾದಾಗಲೆಲ್ಲ ಊರಲ್ಲಿ ಒಂದೊಂದು ಮದುವೆ ನಿಲ್ಲುತ್ತದೆ. ಸೋಮವಾರ ಬರಲಿ, ಅಷ್ಟರಲ್ಲಿ ಈ ಊರಿಗೆ ನಾನು ಬುದ್ಧಿ ಕಲಿಸುತ್ತೇನೆ ಎಂದುಕೊಂಡೆ.

ಶುಕ್ರವಾರದಿಂದ ರಕ್ತಕ್ಕಷ್ಟೇ ಅಲ್ಲ, ಇಂಜೆಕ್ಷನ್ನಿಗೆ, ಗಾಯ ಕಟ್ಟುವುದಕ್ಕೆ, ಬಂದವರಿಗೆಲ್ಲ ಗ್ಲೌಸು ಹಾಕಿಕೊಳ್ಳಲು ಶುರುಮಾಡಿದೆ. ಒಬ್ಬೊಬ್ಬರಿಗೂ ಬೇರೆ ಜೊತೆ. "ಅಷ್ಟನ್ನೆಲ್ಲ ತೊಳ್ಯೋರ್ಯಾರು? ನನ್ ಕೈಲಾಗಕಿಲ್ಲ ಸಾ," ಎಂದು ಆಯಾ ಡಾಕ್ಟರಿಗೆ ದೂರು ಕೊಟ್ಟಳು. ನಾನೇ ತೊಳೆಯುತ್ತೇನೆ ಎಂದೆ. ತಂತಿಯ ಮೇಲೆ ಜಾಗ ಸಾಲದೆ ಡಾಕ್ಟರ ಸ್ಕೂಟರಿನ ಹ್ಯಾಂಡಲಿಗೂ ಒಂದು ಜೊತೆ ಹಾಕಿದ್ದೆ. ಅವರು ನೋಡದೆ ಗಾಡಿ ಹಿಡಿಯಹೋಗಿ ಬೆಚ್ಚಿಬಿದ್ದರು.

ಬೆಂಚಿನಲ್ಲಿ ದಂಗೆಯೇ ಎದ್ದಿತು. ಅದೇ ಹಳ್ಳಿಮೈಸೂರಿನ ರೈತ ಕೈ ಹಿಂದಕ್ಕೆ ಎಳೆದುಕೊಂಡ. "ನಂಗ್ಯಾಕವ್ವ ಅದು? ನಾನೇನ್ ತಪ್ ಮಾಡಿವ್ನಿ?"

"ಇದು ನಿಮಗಲ್ಲಪ್ಪ, ನನಗೆ. ನನ್ನ ಕೈಗೆ ಗಾಯ ಆಗಿದೆ."

"ಅಂಗಾರೆ ಸೂಜೀನೂ ನೀನೇ ಚುಚ್ಕಳವ್ವ," ಎಂದ. ಆದರೂ ಕೊನೆಗೆ ಕೈ ಕೊಟ್ಟ. ಪೇಟೆಯ ಅಂಗಡಿ ಯಜಮಾನರೊಬ್ಬರು ಕೊಡಲೇ ಇಲ್ಲ. ನಮ್ಮ ಮನೆತನಕ್ಕೆ ಇಂಥ ಅವಮಾನ ಆಗಿರಲಿಲ್ಲ ಎಂದು ಜ್ವರದಲ್ಲೇ ಬೇರೆ ಡಾಕ್ಟರ ಹತ್ತಿರ ಹೋದರು. ಶನಿವಾರ ಬೆಂಚು ಅರ್ಧ ಖಾಲಿ. "ಹೀಗೇ ಆದ್ರೆ ಮುಂದಿನ ವಾರ ನನ್ನ ಬಿಪಿ ನೀನು, ನಿನ್ನ ಬಿಪಿ ನಾನು ನೋಡ್ಕೊಂಡು ಕೂತಿರಬೇಕು," ಎಂದರು ಡಾಕ್ಟರು.

ಸ್ವಲ್ಪ ಸಮಾಧಾನ ಕೊಟ್ಟವರು ದೇವಸ್ಥಾನದ ವಯಸ್ಸಾದ ಅರ್ಚಕರು. ತಿಂಗಳಿಗೊಮ್ಮೆ ಸಕ್ಕರೆ ನೋಡಿಸಲು ಬರುವವರು. ಗ್ಲೌಸನ್ನು ದೂರದಿಂದ ದಿಟ್ಟಿಸಿ, "ಇದು ಚರ್ಮದ್ದೇನಮ್ಮ?" ಎಂದು ಕೇಳಿದರು.

"ಇಲ್ಲ ಮಾಮ, ರಬ್ಬರು. ಮರದಿಂದ ಬರೋ ಹಾಲಿನಲ್ಲಿ ಮಾಡ್ತಾರೆ."

"ಮರದ ಹಾಲಾದ್ರೆ ದೋಷವಿಲ್ಲ," ಎಂದು ಕೈ ನೀಡಿದರು. ಹೋಗುವಾಗ ಬೆಂಚಿನವರಿಗೆ ಕೇಳುವಂತೆ, "ಆಸ್ಪತ್ರೆಯಲ್ಲಿ ಮಡಿ ಇಟ್ಕೊಂಡು ಕೆಲಸ ಮಾಡೋಳು ಇವಳೊಬ್ಬಳೇ" ಎಂದರು. ಅವರಿಗೆ ಅರ್ಥವಾದದ್ದು ತಲೆಕೆಳಗು. ನನ್ನಿಂದ ಅವರಿಗೆ ಮೈಲಿಗೆಯಾಗದಿರಲೆಂದು ಹಾಕಿಕೊಂಡಿದ್ದೇನೆ ಎಂದು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ.

ಸೋಮವಾರ ಬಂತು. ಮೈದುನನನ್ನು ಕರೆದುಕೊಂಡು ಅತ್ತೆಯೂ ಆಸ್ಪತ್ರೆಗೆ ಹೊರಟರು. ನಾನು ಬರಿಗೈಯಲ್ಲಿ ತೆಗೆಯುವುದನ್ನು ಖುದ್ದು ನೋಡಬೇಕಾಗಿತ್ತು ಅವರಿಗೆ. ಒಳಗೆ ಬಂದರೆ ಮೈಲಿಗೆ, ಆದ್ದರಿಂದ ಮೆಟ್ಟಿಲ ಮೇಲೆ ಸೆರಗು ಬಿಗಿದು ನಿಂತರು. ಬೆಂಚಿನ ಮೇಲೆ ಕೊಡೆಯವರು ಹಾಜರು, ಹೊಟ್ಟೆ ಹಿಡಿದುಕೊಂಡು. ಅತ್ತೆ ಅವರನ್ನು ಬಾಗೂರಿನಲ್ಲಿ ನೋಡಿದ್ದರು, ಅವರು ಅತ್ತೆಯನ್ನು ನೋಡಿದ್ದರು. ಆದರೆ ಬಂದಿರುವುದು ಗುಟ್ಟಾಗಿ ಅಲ್ಲವೆ? ಅತ್ತೆ ಆಕಾಶ ನೋಡಿದರು, ಅವರು ಕೊಡೆಯ ಹಿಡಿ ನೋಡಿದರು.

ಮೈದುನ ಬಂದು ಕುರ್ಚಿಯಲ್ಲಿ ಕೂತ. ನಾನು ಗ್ಲೌಸು ತೆಗೆದುಕೊಂಡೆ. ಮೆಟ್ಟಿಲಿನಿಂದ ಅತ್ತೆಯ ಕಣ್ಣು ನನ್ನ ಬೆನ್ನನ್ನು ಸುಡುತ್ತಿತ್ತು. "ಹಾಕ್ಕೊಳ್ಲಾ?" ಎಂದು ಮೆಲ್ಲಗೆ ಕೇಳಿದೆ. ಮದುವೆ ಅವನದು, ಕೇಳಬೇಕಲ್ಲ. ಅವನು ನನ್ನ ಬೆರಳಿನ ಬ್ಯಾಂಡೇಜ್ ನೋಡಿದ. "ಹಾಕ್ಕೊಳ್ಳಿ ಅತ್ತಿಗೆ. ಆಗೋ ಮದುವೆ ಆಗುತ್ತೆ," ಎಂದ. ಹಾಕಿಕೊಂಡು ರಕ್ತ ತೆಗೆದೆ. ಅತ್ತೆ ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು. ಕೊಡೆಯವರು ಎದ್ದು ನಿಂತರು. ಇನ್ನೇನು ಹೊರಟೇಬಿಟ್ಟರು ಎನ್ನುವಾಗ ಡಾಕ್ಟರು ತಮ್ಮ ಕೋಣೆಯಿಂದ, "ಹೊಟ್ಟೆನೋವಿನವರು ಬರ್ರಿ. ಹೋದ ಸಲಾನೂ ಹಾಗೇ ಹೋದ್ರಂತೆ," ಎಂದು ಕರೆದರು.

ಹೊಟ್ಟೆನೋವಿಲ್ಲ ಎಂದರೆ ಯಾಕೆ ಬಂದಿರಿ ಎಂಬ ಪ್ರಶ್ನೆ ಬರುತ್ತದೆ. ಪಾಪ, ಒಳಗೆ ಹೋದರು. ಡಾಕ್ಟರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದೆಲ್ಲ ಕೇಳಿ, "ಸಕ್ಕರೆ ನೋಡಬೇಕು, ರಕ್ತ ಕೊಡಿ" ಎಂದು ನನ್ನ ಕಡೆ ಕಳಿಸಿದರು.

ನಾನು ಹೊಸ ಜೊತೆ ಗ್ಲೌಸು ಏರಿಸಿದೆ.

"ನನಗ್ಯಾಕಮ್ಮ ಅದು? ನಾನು ಮರ್ಯಾದಸ್ಥ," ಎಂದರು.

"ನಮ್ಮ ಮೈದುನಾನೂ ಮರ್ಯಾದಸ್ಥನೇ," ಎಂದೆ.

ಅವರು ಬೆಂಚಿನ ಕಡೆ ನೋಡಿದರು. ಎಲ್ಲರೂ ಇವರನ್ನೇ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಮುಖ ತಿರುಗಿಸಿ ಕೈ ಚಾಚಿದರು. ಸೂಜಿಯೆಂದರೆ ಪ್ರಾಣಭಯ ಎಂದು ಮೊದಲೇ ಹೇಳಬಾರದಿತ್ತೇ? ಸೂಜಿ ಒಳಗೆ ಹೋಗಿ ರಕ್ತ ಬರತೊಡಗಿದ ಗಳಿಗೆಯಲ್ಲಿ 'ಅಯ್ಯಪ್ಪ' ಎಂದು ಕೈ ಜಾಡಿಸಿಬಿಟ್ಟರು. ಸೂಜಿ ಹೊರಗೆ ಬಂತು. ರಕ್ತ ಚಿಮ್ಮಿ ನನ್ನ ಎಡಗೈಯ ಮೇಲೆ ಬಿತ್ತು. ಸರಿಯಾಗಿ ತೋರುಬೆರಳಿನ ಮೇಲೆ, ಬ್ಯಾಂಡೇಜ್ ದಪ್ಪಗೆ ಉಬ್ಬಿದ್ದ ಜಾಗದಲ್ಲಿ.

ಮೊದಲು ಸೂಜಿಯನ್ನು ಟ್ರೇಯಲ್ಲಿಟ್ಟು, ಅವರ ಕೈಗೆ ಹತ್ತಿ ಒತ್ತಿ ಹಿಡಿಸಿದೆ. ಆಮೇಲೆ ಗ್ಲೌಸಿಗೆ ಸೂಜಿ ತಗುಲಿದೆಯೇ ಎಂದು ನೋಡಲು ತಿರುಗುವಷ್ಟರಲ್ಲಿ ಅತ್ತೆ ನನ್ನ ಪಕ್ಕದಲ್ಲಿದ್ದರು. ಬೆಂಚಿನವರನ್ನೆಲ್ಲ ತಳ್ಳಿಕೊಂಡು, ಆಯಾಳ ಬಕೆಟ್ಟನ್ನು ದಾಟಿಕೊಂಡು ಬಂದುಬಿಟ್ಟಿದ್ದರು.

"ಚುಚ್ಚಿತೇನೇ?"

"ಇಲ್ಲ ಅತ್ತೆ."

"ತೋರಿಸು."

ಗ್ಲೌಸನ್ನು ಒಳಮಗ್ಗುಲಾಗಿ ಸುಲಿದು ತೆಗೆದೆ. ಕೆಳಗೆ ಬ್ಯಾಂಡೇಜ್ ಬೆಳ್ಳಗೆ ಇತ್ತು, ಒಂದು ಚುಕ್ಕೆಯೂ ಇಲ್ಲ. ಅತ್ತೆ ಆ ಬಿಳಿ ಬ್ಯಾಂಡೇಜನ್ನೂ ಕೆಂಪಾದ ಗ್ಲೌಸನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಸೋದರಮಾವನ ಕಡೆ ತಿರುಗಿದರು. ಗುಟ್ಟು ಗಿಟ್ಟು ಎಲ್ಲ ಮರೆತುಹೋಗಿತ್ತು.

"ಬರಿಗೈಲಿ ತೆಗಿ ಅಂತ ಇವಳಿಗೆ ಹೇಳಿದ್ದೋಳು ನಾನೇ ಕಣ್ರೀ. ನಿಮ್ಮ ಮುಂದೆ ನಮ್ಮ ಹುಡುಗನ ಮರ್ಯಾದೆ ಉಳಿಸೋಕೆ. ನನ್ನ ಮಾತು ಕೇಳಿದ್ದಿದ್ರೆ ಈಗ ನಿಮ್ಮ ರಕ್ತ ಇವಳ ಗಾಯದೊಳಗೆ ಇರ್ತಿತ್ತು," ಎಂದರು.

ಅಷ್ಟರಲ್ಲಿ ಬೆಂಚಿನಿಂದ ಹಳ್ಳಿಮೈಸೂರಿನ ರೈತ, "ಓ, ಇವ್ರಿಗೂ ಆಕುದ್ರು ಕಣ್ಲಾ. ಯಾವೂರು ಸಾಮಿ ನಿಮ್ದು?" ಎಂದ.

"ಬಾಗೂರು," ಎಂದರು ಇವರು ಗಾಬರಿಯಲ್ಲಿ.

"ಬಾಗೂರಾ? ನಮ್ ಷಡ್ಕ ಅಲ್ಲೇ ಅವ್ನೆ. ನಾಳಿಕ್ ಓಯ್ತೀನಿ, ಯೋಳ್ತೀನಿ ಬುಡಿ."

ಏನು ಹೇಳುತ್ತಾನೆ ಎಂದು ಕೇಳಬೇಕೇ? ಸೋದರಮಾವ ಹತ್ತಿ ಒತ್ತಿಕೊಂಡೇ ಬೆಂಚಿನ ಮುಂದೆ ಬಂದು ನಿಂತರು. "ಇದರಲ್ಲಿ ಏನೂ ಇಲ್ಲಪ್ಪ. ಇಲ್ಲಿ ಎಲ್ಲರಿಗೂ ಹಾಕ್ತಾರೆ. ಅದು ನರ್ಸಮ್ಮನ ಕೈಗೆ ರಕ್ಷಣೆ. ನನಗೆ ಹಾಕಿದ್ರು, ಆ ಮೇಷ್ಟ್ರಿಗೆ ಹಾಕಿದ್ರು, ನಿನಗೂ ಹಾಕಿರ್ತಾರೆ. ಹೌದೋ ಅಲ್ವೋ?" ಎಂದು ಅವನ ಹೆಗಲು ಹಿಡಿದು ಕೇಳಿದರು. ರೈತ ಹೌದು ಎಂದು ಒಪ್ಪಿಕೊಳ್ಳುವವರೆಗೂ ಬಿಡಲಿಲ್ಲ. ಅವನು ಬಾಗೂರು ತಲುಪುವ ಮೊದಲೇ ತಾವು ತಲುಪಬೇಕೆಂದು ಸಿಕ್ಕ ಬಸ್ಸಿಗೆ ಓಡಿದರು. ಕೊಡೆಯನ್ನು ಬೆಂಚಿನ ಮೇಲೇ ಮರೆತಿದ್ದರು.

ಹಾಸನದ ಲೇಡಿ ಡಾಕ್ಟರು ಒಂದು ದಿನವಿಡೀ ಹೇಳಿದ್ದನ್ನು ಈ ಮನುಷ್ಯ ಚನ್ನರಾಯಪಟ್ಟಣದ ತನಕ ಬಸ್ಸಿನಲ್ಲಿ ಹೇಳಿಕೊಂಡು ಹೋದರಂತೆ. ಅದೇ ವಾರ ದಲ್ಲಾಳಿ ಬಂದು, ಜಾತಕ ಇನ್ನೊಬ್ಬರ ಹತ್ತಿರ ತೋರಿಸಿದೆವು, ಬಹಳ ಚೆನ್ನಾಗಿ ಕೂಡಿದೆ ಎಂದರು. ಎರಡು ಲೋಟ ಕಾಫಿ ಕುಡಿದರು. ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ಆಯಿತು. ಸೋದರಮಾವನಿಗೆ ಸಕ್ಕರೆ ಇರುವುದು ಆ ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಅವರು ಒಬ್ಬಟ್ಟು ಬಡಿಸಿಕೊಳ್ಳುವ ಪಂಕ್ತಿಗಳನ್ನು ದುಃಖದಿಂದ ನೋಡುತ್ತಾ, ಪ್ರತಿ ಪಂಕ್ತಿಗೂ ಗ್ಲೌಸಿನ ಮಹಿಮೆ ವಿವರಿಸುತ್ತಾ ಓಡಾಡಿದರು. ಆಮೇಲೆ ನಮ್ಮ ಆಸ್ಪತ್ರೆಯಲ್ಲಿ ಯಾರೂ ಕೈ ಹಿಂದೆಗೆಯಲಿಲ್ಲ. ಬಿಟ್ಟುಹೋಗಿದ್ದ ಅಂಗಡಿ ಯಜಮಾನರು ವಾಪಸ್ ಬಂದು, "ಅರ್ಚಕರಿಗೆ ಹಾಕ್ಕೊಂಡಿದ್ದು ನಮಗೂ ಹಾಕ್ಕೊಳ್ಳಮ್ಮ, ನಾವೇನು ಕಮ್ಮೀನಾ?" ಎಂದರು. ಮುಂದೆ ಕೆಲವು ವರ್ಷಕ್ಕೆ ತೊಳೆಯುವ ಕಾಟವಿಲ್ಲದ, ಒಂದೇ ಸಲಕ್ಕೆ ಬಿಸಾಡುವ ಗ್ಲೌಸುಗಳೂ ಬಂದವು. ಪಕ್ಕದ ಮನೆಯ ಅಜ್ಜಿ ಕಿಟಕಿ ತೆರೆದರು.

ಆ ಸೋಮವಾರ ಸಂಜೆಯದೊಂದು ಹೇಳುವುದು ಉಳಿದಿದೆ. ಡ್ಯೂಟಿ ಮುಗಿಸಿ ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದೆ. ಆಸ್ಪತ್ರೆಯ ಮೈಲಿಗೆ ಕಳೆಯಲು ಅತ್ತೆ ಅದಾಗಲೇ ಇನ್ನೊಂದು ಸ್ನಾನ ಮಾಡಿ, ಮಡಿ ಉಟ್ಟು ದೀಪ ಹಚ್ಚಿದ್ದರು. ನಾನು ಬಚ್ಚಲ ಕಡೆ ತಿರುಗಿದೆ.

"ಇಲ್ಲಿ ಬಾ. ಕೈ ಕೊಡು," ಎಂದರು.

"ಅತ್ತೆ, ನಾನಿನ್ನೂ ಸ್ನಾನ ಮಾಡಿಲ್ಲ."

"ಗೊತ್ತು. ಸುಮ್ನೆ ಕೊಡೇ."

ನನ್ನ ಬೆರಳನ್ನು ಅವರು ಕೈಯಲ್ಲಿ ಹಿಡಿದುಕೊಂಡರು. ಬ್ಯಾಂಡೇಜ್ ಬಿಚ್ಚಿ, ಸಂಜೆಯ ಬೆಳಕಿಗೆ ತಿರುಗಿಸಿ ನೋಡಿ, ಬಿಸಿನೀರಿನಲ್ಲಿ ತೊಳೆದು, ಮೆಲ್ಲಗೆ ಊದಿ, ಹೊಸ ಬಟ್ಟೆ ಸುತ್ತಿದರು. ಮದುವೆಯಾಗಿ ಅಷ್ಟು ವರ್ಷಕ್ಕೆ, ಆಸ್ಪತ್ರೆಯ ಬಟ್ಟೆಯಲ್ಲಿರುವಾಗ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅವರು ಗಂಟು ಕಟ್ಟಿ ಮುಗಿಸಿ, "ನಾಳೆಯಿಂದ ತರಕಾರಿ ನಾನು ಹೆಚ್ಚುತೀನಿ," ಎಂದರು. ಆಮೇಲೆ ಟವೆಲ್ ತೆಗೆದುಕೊಂಡು ಮತ್ತೆ ಸ್ನಾನಕ್ಕೆ ಹೋದರು.